ಊರು ಬಿಟ್ಟವನ ಮಾತು

ದ್ರೋಗ್ಬಾ ಅಂದ ಕೂಡಲೆ ಎಲ್ಲರಿಗೂ ನೆನಪಾಗೋದು 2012ರ ಮ್ಯೂನಿಕ್ ಫೈನಲ್. 88ನೇ ನಿಮಿಷದ ಹೆಡರ್, ಕೊನೆಗೆ ಗೆಲುವಿನ ಪೆನಾಲ್ಟಿ, ಚೆಲ್ಸಿಗೆ ಮೊದಲ ಚಾಂಪಿಯನ್ಸ್ ಲೀಗ್. ಆದರೆ ನನ್ನನ್ನು ಕಾಡೋ ದ್ರೋಗ್ಬಾ ಬೇರೆ.

ಐದನೇ ವಯಸ್ಸಿಗೇ ಐವರಿ ಕೋಸ್ಟ್ ಬಿಟ್ಟು ಫ್ರಾನ್ಸಿನಲ್ಲಿದ್ದ ಬಂಧುವಿನ ಮನೆ ಸೇರಿದ ಹುಡುಗ. ಊರಿನ ನೆನಪು ತಡೆಯಲಾರದೆ ಮೂರು ವರ್ಷಕ್ಕೆ ವಾಪಸ್ ಬಂದ. ಅಪ್ಪ ಅಮ್ಮನ ಕೆಲಸ ಹೋದಾಗ ಮತ್ತೆ ಹೊರಟ. ಮೊದಲ ವೃತ್ತಿಪರ ಒಪ್ಪಂದ ಸಿಕ್ಕಿದ್ದು 21ಕ್ಕೆ, ಲ ಮಾನ್ ಕ್ಲಬ್ಬಿನಲ್ಲಿ. 2004ರಲ್ಲಿ ಚೆಲ್ಸಿ ಕೊಟ್ಟಿದ್ದು 2.4 ಕೋಟಿ ಪೌಂಡ್!

2005ರ ಅಕ್ಟೋಬರ್. ಸುಡಾನನ್ನು ಸೋಲಿಸಿ ದೇಶ ಮೊದಲ ಸಲ ವಿಶ್ವಕಪ್ಪಿಗೆ ಹೋಗುತ್ತೆ ಅಂತಾದಾಗ, ಡ್ರೆಸ್ಸಿಂಗ್ ರೂಮಿನಲ್ಲಿ ತಂಡದವರ ಜೊತೆ ಕ್ಯಾಮೆರಾ ಮುಂದೆ ಮಂಡಿಯೂರಿ ಬೇಡಿಕೊಂಡ: ಆಯುಧ ಕೆಳಗಿಡಿ, ಚುನಾವಣೆ ಮಾಡಿ. 2007ರಲ್ಲಿ ಬಂಡುಕೋರರ ಕೇಂದ್ರವಾಗಿದ್ದ ಬುವಾಕೆಯಲ್ಲೇ ಮಡಗಾಸ್ಕರ್ ಮೇಲೆ ರಾಷ್ಟ್ರೀಯ ತಂಡ ಆಡಿತು, 5-0.

ಯುದ್ಧವನ್ನು ಅವನೇ ನಿಲ್ಲಿಸಿದ ಅನ್ನೋದು ಅತಿಯಾಯ್ತು. 2010ರ ಚುನಾವಣೆ ನಂತರ ಮತ್ತೆ ರಕ್ತ ಹರಿಯಿತು. ಆದರೂ, ಹೊರಗೆ ಹೋದವನಿಗೆ ಊರಿನ ಬಗ್ಗೆ ಮಾತಾಡೋ ಹಕ್ಕೆಲ್ಲಿದೆ ಅಂತ ಯಾರಾದರೂ ಕೇಳಿದರೆ ನನಗೆ ಆ ಮಂಡಿಯೂರಿದ ದೃಶ್ಯ ನೆನಪಾಗುತ್ತೆ. ಬುದ್ಧಿ ಹೇಳಲಿಲ್ಲ ಅವನು, ಬೇಡಿಕೊಂಡ. ಹಕ್ಕು ಬರೋದು ಅಲ್ಲಿಂದಲೇ ಇರಬೇಕು.

ನೀವೇನಂತೀರಿ?