ಚುಕ್ಕಿ-ಗೆರೆಗಳ ಓದು

‘ಕಂಪ್ಯೂಟರ್ ಓದಿದ್ದೀಯಂತೆ ಬೇಟಿ, ಯಾವ ಕಂಪೆನಿ?’ ಕಡೂರಿನ ನಮ್ಮ ಬೀದಿಯಲ್ಲಿ, ತರೀಕೆರೆಯ ಖಾಲಾ ಮನೆಯಲ್ಲಿ, ಅಜ್ಜಂಪುರದಲ್ಲಿರುವ ಅಕ್ಕನ ಗಂಡನ ಮನೆಯಲ್ಲಿ ನಾನು ಹೆಚ್ಚಾಗಿ ಕೇಳಿದ ಪ್ರಶ್ನೆ ಇದು. ‘ಕಂಪೆನಿ ಇಲ್ಲ, ಸಂಶೋಧನೆ ಮಾಡುತ್ತಿದ್ದೇನೆ’ ಎಂದರೆ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತಿತ್ತು. ‘ಹಾಗಾದರೆ ಮದುವೆ ಯಾವಾಗ?’

ಸಹೋದರಿಯರೇ, ನಾನು ಓದಿದ್ದು ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನ. ಇದರಲ್ಲಿ ಯಂತ್ರಕ್ಕಿಂತ ಕಾಗದ, ಪೆನ್ಸಿಲ್‌ಗಳ ಕೆಲಸವೇ ಹೆಚ್ಚು. ಒಂದು ಲೆಕ್ಕವನ್ನು ಎಷ್ಟು ಕಡಿಮೆ ಹೆಜ್ಜೆಗಳಲ್ಲಿ ಬಿಡಿಸಬಹುದು, ಬಿಡಿಸಲು ಸಾಧ್ಯವೇ ಇಲ್ಲದ ಲೆಕ್ಕ ಯಾವುದು ಎಂದು ತಿಳಿಯುವ ವಿದ್ಯೆ ಇದು. ಆ ಹೆಜ್ಜೆಗಳ ಕ್ರಮಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿಯವರ ಹೆಸರಿನಿಂದಲೇ ಈ ಪದ ಬಂದಿದೆ.

ಅದರಲ್ಲಿ ನನ್ನ ವಿಷಯ ಗ್ರಾಫ್. ನಮ್ಮ ಕಡೆಯ ರೈಲು ದಾರಿಯನ್ನೇ ನೋಡಿ. ಸಣ್ಣ ನಿಲ್ದಾಣಗಳನ್ನು ಬಿಟ್ಟು ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳಿಗೆ ಒಂದೊಂದು ಚುಕ್ಕಿ ಇಡಿ. ಬೀರೂರು ಜಂಕ್ಷನ್‌ನಿಂದ ಉಳಿದ ಮೂರಕ್ಕೂ ಒಂದೊಂದು ಗೆರೆ ಎಳೆಯಿರಿ. ಇದೇ ಗ್ರಾಫ್. ಬೀರೂರೊಂದನ್ನು ಹಿಡಿದರೆ ಸಾಕು, ಮೂರೂ ಊರುಗಳು ಒಂದೇ ಗೆರೆಯ ದೂರದಲ್ಲಿವೆ.

ನಾಲ್ಕರ ಬದಲು ಸಾವಿರ ಚುಕ್ಕಿಗಳಿದ್ದರೆ? ಒಂದಕ್ಕೊಂದು ಕೊಂಡಿ ಕಳಚದಂತೆ, ಉಳಿದೆಲ್ಲವನ್ನೂ ಮುಟ್ಟುವ ಅತಿ ಕಡಿಮೆ ಚುಕ್ಕಿಗಳು ಎಷ್ಟು? ಈ ಕಲ್ಪನೆಯ ಮೇಲೆ 1979ರಲ್ಲಿ ಲೇಖನ ಬರೆದವರು ನಮ್ಮ ಕರ್ನಾಟಕದ ಇ. ಸಂಪತ್ಕುಮಾರ್ ಮತ್ತು ಎಚ್.ಬಿ. ವಾಲೀಕಾರ. ವಾಲೀಕಾರರು ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅಂದು ಅದು ಬರೀ ಗಣಿತ. ಮುಂದೆ ತಂತಿಯಿಲ್ಲದ ಜಾಲಗಳಲ್ಲಿ ಯಾವ ಯಾವ ಉಪಕರಣಗಳು ಸಂದೇಶ ಸಾಗಿಸಬೇಕೆಂದು ಆರಿಸಲು ಅದೇ ಕಲ್ಪನೆ ನೆರವಾಯಿತು.

ಗ್ರಾಫನ್ನು ಕಣ್ಣಿಗೆ ಅರ್ಥವಾಗುವಂತೆ ಬಿಡಿಸುವುದೂ ಒಂದು ಶಾಖೆ. ಗೆರೆಗಳು ಒಂದನ್ನೊಂದು ದಾಟಿದಷ್ಟೂ ಚಿತ್ರ ಗೋಜಲಾಗುತ್ತದೆ. ಮಕ್ಕಳಿಗೆ ಈ ಆಟ ಕೊಟ್ಟು ನೋಡಿ. ಮೂರು ಮನೆಗಳು, ನೀರು, ವಿದ್ಯುತ್, ಗ್ಯಾಸ್ ಎಂಬ ಮೂರು ಚುಕ್ಕಿಗಳು. ಪ್ರತಿ ಮನೆಗೂ ಮೂರರಿಂದಲೂ ಗೆರೆ ಬರಬೇಕು, ಯಾವ ಗೆರೆಯೂ ಇನ್ನೊಂದನ್ನು ದಾಟಬಾರದು. ಹಾಳೆಯ ಮೇಲೆ ಇದು ಆಗುವುದೇ ಇಲ್ಲ. ‘ನನ್ನಿಂದ ಆಗಲಿಲ್ಲ’ ಎನ್ನುವುದು ಸುಲಭ. ‘ಯಾರಿಂದಲೂ ಆಗದು’ ಎಂದು ಸಾಧಿಸಿ ತೋರಿಸುವುದೇ ನಮ್ಮ ಕೆಲಸ.

ದಾರಿ ಉದ್ದವಿದೆ. ಪಿಯುಸಿಯಲ್ಲಿ ಗಣಿತ, ಬಿ.ಎಸ್ಸಿ., ಎಂ.ಎಸ್ಸಿ., ಆಮೇಲೆ ನೆಟ್ ಅಥವಾ ಗೇಟ್ ಪರೀಕ್ಷೆ, ಪಿಎಚ್.ಡಿ.ಗೆ ಮತ್ತೆ ಐದಾರು ವರ್ಷ. ಹುಡುಗಿಯ ಈ ವರ್ಷಗಳನ್ನೇ ನೆಂಟರಿಷ್ಟರು ಬೆರಳು ಮಡಿಸಿ ಎಣಿಸುತ್ತಾರೆ. ಹಣದ ಚಿಂತೆಯೂ ಇದೆ. ಅಲ್ಪಸಂಖ್ಯಾತ ಸಂಶೋಧಕರಿಗೆಂದಿದ್ದ ಮೌಲಾನಾ ಆಝಾದ್ ಫೆಲೋಶಿಪ್ 2022ರಲ್ಲಿ ನಿಂತುಹೋಯಿತು. ಆದರೆ ನೆಟ್‌ನಲ್ಲಿ ಜೆ.ಆರ್.ಎಫ್. ಗಳಿಸಿದವರಿಗೆ ಮೊದಲ ಎರಡು ವರ್ಷ ಸಿಗುವ ಮೊತ್ತವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಅಷ್ಟಾದರೆ ಮಗಳ ಓದು ತಂದೆಗೆ ಹೊರೆಯಲ್ಲ.

ನನ್ನ ಅಮ್ಮಿ ಏಳನೇ ತರಗತಿ ದಾಟಿದವರಲ್ಲ. ಸಂಬಂಧ ಹಿಡಿದು ಬಂದವರಿಗೆ ಚಹಾ ಕೊಟ್ಟು, ‘ಅವಳ ಓದು ಮುಗಿಯಲಿ, ಆಮೇಲೆ ಕೂತು ಮಾತಾಡೋಣ’ ಎಂದು ಕಳಿಸುತ್ತಿದ್ದರು. ಒಂದು ಪ್ರಮೇಯಕ್ಕಾಗಿ ನಾನು ಎಂಟು ತಿಂಗಳು ಒಂದು ಪುಟವನ್ನೂ ಮುಗಿಸದೆ ಕೂತಾಗ ‘ಇನ್ನೂ ಎಷ್ಟು ದಿನ?’ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಓದು ಮುಗಿಯಿತು, ಮದುವೆಯೂ ಆಯಿತು. ಈಗ ಕಾಲೇಜಿನಲ್ಲಿ ಕಲಿಸುತ್ತೇನೆ.

ಲೆಕ್ಕ ಹಿಡಿದು ಕೂತರೆ ಊಟದ ಹೊತ್ತು ಮರೆಯುವ ಹುಡುಗಿ ನಿಮ್ಮ ಮನೆಯಲ್ಲೂ ಇರಬಹುದು. ಅವಳಿಗೆ ಹಾಳೆ, ಪೆನ್ಸಿಲ್ ಕೊಡಿಸುವುದು ಕಷ್ಟವಲ್ಲ. ಕೆಲವು ವರ್ಷಗಳ ನೆಮ್ಮದಿ ಕೊಡಿಸುವುದು ಕಷ್ಟ. ತಾಯಿ ಮನಸ್ಸು ಮಾಡಿದರೆ ಅದೂ ಸಾಧ್ಯ.