ಮದುವೆ ಮುಗಿಯಲಿ ತಡಿ ಅಂದಿದ್ದೆ

ನೀವೇ ಹೇಳಿ, ಮನೆಯಲ್ಲಿ ಮದುವೆಯ ಓಡಾಟವಿದ್ದಾಗ ನಮಗೆ ಬೇರೇನಾದರೂ ನೆನಪಿರುತ್ತದೆಯೇ? ಎರಡು ವರ್ಷದ ಹಿಂದೆ ನನ್ನ ಮೈದುನನ ಮಗಳ ಮದುವೆ. ಹಪ್ಪಳ ಸಂಡಿಗೆಯಿಂದ ಹಿಡಿದು ಬೀಗರ ಉಪಚಾರದವರೆಗೆ ಎಲ್ಲಾ ನನ್ನ ತಲೆಯ ಮೇಲೆ. ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದಿದ್ದ ನನ್ನ ಮಗಳು, "ಅಮ್ಮಾ, ಎಂ.ಎಸ್ಸಿ.ಗೆ ಅರ್ಜಿ ಕರೆದಿದ್ದಾರೆ. ಆದಾಯದ ಸರ್ಟಿಫಿಕೇಟು ಬೇಕು, ಅಪ್ಪಂಗೆ ಹೇಳಮ್ಮ" ಅಂದಳು. "ರಿಸಲ್ಟೇ ಬಂದಿಲ್ಲ, ಈಗಲೇ ಏನವಸರ? ಮದುವೆ ಮುಗಿಯಲಿ ತಡಿ" ಅಂದುಬಿಟ್ಟೆ. ಮದುವೆ ಮುಗಿಯಿತು. ಅಷ್ಟರಲ್ಲಿ ಅರ್ಜಿಯ ಕಡೇ ದಿನವೂ ಮುಗಿದಿತ್ತು.

ಅವಳು ಜಗಳವಾಡಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಅಷ್ಟೆ. ಅಕ್ಕಪಕ್ಕದವರು, "ಹುಡುಗಿಗೆ ಡಿಗ್ರಿ ಸಾಲದೇನ್ರೀ? ಗಂಡು ನೋಡಿ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನನ್ನ ಪಿ.ಯು.ಸಿ. ಅರ್ಜಿಯೂ ಹೀಗೆಯೇ ನಮ್ಮಕ್ಕನ ಮದುವೆಯ ಗಲಾಟೆಯಲ್ಲಿ ಕಳೆದುಹೋಗಿತ್ತು. ಅಮ್ಮ ನನಗೆ ಮಾಡಿದ್ದನ್ನೇ ನಾನು ಮಗಳಿಗೆ ಮಾಡಿದ್ದೆ.

ಮಾರನೇ ವರ್ಷ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಯಮಗಳನ್ನೆಲ್ಲ ಓದಿಸಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಕೊನೆಯ ವರ್ಷದವರು ಸಾಮಾನ್ಯವಾಗಿ ರಿಸಲ್ಟಿಗೆ ಕಾಯದೆ ಅರ್ಜಿ ಹಾಕಬಹುದು. ಸೇರುವ ಹೊತ್ತಿಗೆ ಅಂಕಪಟ್ಟಿ ತೋರಿಸಿದರಾಯಿತು. ನಾನು ಎಡವಿದ್ದು ಇಲ್ಲೇ. ಇನ್ನು, ಎಲ್ಲ ಡಿಗ್ರಿಗೂ ಎಲ್ಲ ಬಾಗಿಲೂ ತೆರೆಯುವುದಿಲ್ಲ. ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಪದವಿಯಲ್ಲಿ ಆ ವಿಷಯ ಓದಿರಲೇಬೇಕು. ಎಂ.ಬಿ.ಎ.ಗೆ ಯಾವ ಪದವಿಯಾದರೂ ಆದೀತು. ಆದರೆ ಶೇಕಡಾ 50 ಅಂಕ ಬೇಕು, ನಮ್ಮ ರಾಜ್ಯದ ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ 45. ಅದರ ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆಯಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಅನ್ನುವ ಬೇರೆ ಪರೀಕ್ಷೆಯೇ ಇದೆ. ಅದರ ಅರ್ಜಿ ಡಿಗ್ರಿ ಮುಗಿಯುವ ಮುಂಚೆಯೇ ಬಂದುಹೋಗುತ್ತದೆ, ಎಚ್ಚರ!

ಕಾಗದಪತ್ರ ನಮ್ಮ ಪಾಲಿನ ಕೆಲಸ. ಎಸ್ಸೆಸ್ಸೆಲ್ಸಿಯಿಂದ ಕೊನೆಯ ಸೆಮಿಸ್ಟರಿನವರೆಗಿನ ಅಂಕಪಟ್ಟಿ, ಟಿ.ಸಿ., ಜಾತಿ ಮತ್ತು ಆದಾಯದ ಸರ್ಟಿಫಿಕೇಟು, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ಮೈಗ್ರೇಶನ್ ಸರ್ಟಿಫಿಕೇಟು. ಆದಾಯದ್ದು 5 ವರ್ಷ ನಡೆಯುತ್ತದೆ. ಇವರಿಗೆ ರಜ ಸಿಗಲಿಲ್ಲವೆಂದು ನಾನೇ ನಾಡಕಚೇರಿಗೆ ಹೋಗಿ ಮಾಡಿಸಿದೆ. ಎಲ್ಲದರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಲ್ಲ ಒಂದು ಫೈಲಿಗೆ ಹಾಕಿಡಿ.

ನಿಮ್ಮಲ್ಲಿ ಡಿಗ್ರಿ ಮುಗಿಸಿ ಮದುವೆಯಾಗಿ ಸರ್ಟಿಫಿಕೇಟು ಟ್ರಂಕಿನಲ್ಲಿಟ್ಟವರೂ ಇರುತ್ತೀರಿ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಇಂಗ್ಲಿಷ್ ಎಂ.ಎ.ಗೆ ಪದವಿ ಪಾಸಾಗಿದ್ದರೆ ಸಾಕು, ಇಷ್ಟೇ ಅಂಕವೆಂಬ ಕಟ್ಟಿಲ್ಲ. ಮೈಸೂರಿನಲ್ಲಿ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯವೂ ಇದೆ. ವಿಚಾರಿಸಿ ನೋಡಿ.

ಮಗಳಿಗೆ ಸೀಟು ಸಿಕ್ಕಿತು, ಈಗ ಮೊದಲ ವರ್ಷ. ಅವಳ ಜೊತೆಯವರೆಲ್ಲ ಒಂದು ವರ್ಷ ಮುಂದಿದ್ದಾರೆ. ಆ ಮಾತನ್ನು ಅವಳು ಆಡುವುದಿಲ್ಲ, ನನಗೆ ಮರೆಯುವುದಿಲ್ಲ. ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಬ್ಬ, ಗ್ಯಾಸು, ಹಾಲಿನ ಲೆಕ್ಕದ ಜೊತೆಗೆ ಮಗನ ಅರ್ಜಿಯ ಕಡೇ ದಿನಕ್ಕೂ ಕೆಂಪು ಗುರುತಿದೆ. ನಿಮ್ಮ ಮನೆಯಲ್ಲೂ ಹಾಕಿಡಿ. ಮದುವೆ ಎಷ್ಟಾದರೂ ಬರುತ್ತಿರುತ್ತವೆ.