ಕಲ್ಲು, ಕ್ಯಾಲ್ಕ್ಯುಲಸ್ ಮತ್ತು ಅರವತ್ತು ಯೂನಿಟ್ಟು

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಸೆಪ್ಟೆಂಬರ್ 4

ಕಮ್ಯುನಿಟಿ ಕಾಲೇಜಿನ ಜಿಯಾಲಜಿ ಕ್ಲಾಸು. ಮೊದಲ ಲ್ಯಾಬು ಹೋದ ವರ್ಷದ ಪಾಠದ ಮೆಲುಕು. ಗೀರಿ, ಉಜ್ಜಿ, ಆಸಿಡ್ ಹನಿಸಿ ಖನಿಜದ ಹೆಸರು ಹೇಳಬೇಕು. ಉಕ್ಕಿನಂತೆ ಹೊಳೆಯುವ ಹೆಮಟೈಟನ್ನು ಪಿಂಗಾಣಿ ಬಿಲ್ಲೆಯ ಮೇಲೆ ಎಳೆದರೆ ಕೆಂಪು ಗೆರೆ ಮೂಡುತ್ತದೆ. ಪಕ್ಕದ ಹುಡುಗ, ನನ್ನ ಅರ್ಧ ವಯಸ್ಸಿನವನು, ಬೆರಗಾದ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿ ಹಿಂದೆ ಓಡಾಡಿದವರಿಗೆ ಈ ಬಣ್ಣ ಹೊಸದೇನಲ್ಲ. ಗಡಸುತನದ ಪಟ್ಟಿಯಲ್ಲಿ ಮೊದಲನೆಯದಾದ, ಎಂದರೆ ಎಲ್ಲಕ್ಕಿಂತ ಮೆದುವಾದ, ಟಾಲ್ಕ್ ಕೂಡ ಬಳಪದ ಕಲ್ಲಿನಲ್ಲಿ ಇರುವುದೇ. ಕಲ್ಲಿನ ಕ್ಲಾಸು ನನಗೆ ಸಲೀಸು. ತಲೆ ತಿನ್ನುತ್ತಿರುವುದು ಕೆಮಿಸ್ಟ್ರಿ.

ಸೆಪ್ಟೆಂಬರ್ 19

ಕೌನ್ಸೆಲರ್ ಜತೆ ಅರ್ಧ ಗಂಟೆ. ಇಲ್ಲಿಯ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಅನ್ನುವುದು ‘ಅಸಿಸ್ಟ್’ ತಾಣದಲ್ಲಿ ಸಾಲು ಸಾಲಾಗಿ ಇದೆ. ಜಿಯಾಲಜಿಗೆ ಹೋಗುವವರ ಪಟ್ಟಿಯಲ್ಲಿ ಜಿಯಾಲಜಿಯೇ ಕಡಿಮೆ. ಕ್ಯಾಲ್ಕ್ಯುಲಸ್, ಕೆಮಿಸ್ಟ್ರಿ, ಫಿಸಿಕ್ಸ್‌ನದೇ ದರ್ಬಾರು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ನ್ಯಾಯ ಅನ್ನಿಸುತ್ತದೆ. ಕಲ್ಲು ಕರಗುವುದು, ಭೂಕಂಪದ ಅಲೆ ಹರಿಯುವುದು ಎಲ್ಲ ಅವೇ ತಾನೇ.

ಒಟ್ಟು 60 ಸೆಮಿಸ್ಟರ್ ಯೂನಿಟ್ ಇದ್ದರೆ ಮೂರನೇ ವರ್ಷಕ್ಕೆ ನೇರ ಪ್ರವೇಶ ಕೇಳಬಹುದು. ಸೀಟು ಖಾತ್ರಿ ಮಾಡಿಕೊಳ್ಳುವ ‘ಟ್ಯಾಗ್’ ಅರ್ಜಿಗೆ ಈ ತಿಂಗಳ 30 ಕಡೇ ದಿನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದೇ ಕ್ಯಾಂಪಸ್ಸಿಗೆ ಹಾಕಬೇಕು. ಡೇವಿಸ್ ಕೊಡುತ್ತದೆ, ಬರ್ಕ್ಲಿ ಕೊಡುವುದಿಲ್ಲ. ಬರ್ಕ್ಲಿಗಾದರೆ ಮನೆಯಿಂದ ಬಾರ್ಟ್ ರೈಲು.

ರಾತ್ರಿ ಅಮ್ಮನ ಫೋನು. “ಕಲ್ಲು ಒಡೆಯೋಕೂ ಡಿಗ್ರಿ ಬೇಕೇನೇ?” ಯೂನಿಟ್ಟಿಗೆ 46 ಡಾಲರ್ ಎಂದೆ. ರೂಪಾಯಿಗೆ ಗುಣಿಸಿ ಸುಮ್ಮನಾದಳು.

ಅಕ್ಟೋಬರ್ 21

1868ರ ಇದೇ ದಿನ ಹೇವರ್ಡ್ ಫಾಲ್ಟ್, ಅಂದರೆ ಇಲ್ಲಿಯ ನೆಲದೊಳಗಿನ ಬಿರುಕು, ಅಲುಗಿ ಭೂಕಂಪವಾಗಿತ್ತು. ಸುಮಾರು 30 ಜನ ಸತ್ತರು. ನಮ್ಮೂರಿನ ಮಿಷನ್ ಸ್ಯಾನ್ ಹೋಸೆಯ ಮಣ್ಣಿಟ್ಟಿಗೆಯ ಚರ್ಚು ನೆಲಸಮ. ಈಗ ನಿಂತಿರುವುದು 1980ರ ದಶಕದಲ್ಲಿ ಹೊಸದಾಗಿ ಕಟ್ಟಿದ್ದು.

ಮಧ್ಯಾಹ್ನ ಮೇಷ್ಟ್ರು ಹತ್ತಿರದ ಹೇವರ್ಡ್ ಊರಿಗೆ ಕರೆದೊಯ್ದರು. ಫಾಲ್ಟು ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಸದ್ದಿಲ್ಲದೆ ತೆವಳುತ್ತದೆ. ರಸ್ತೆಯಂಚಿನ ಕಲ್ಲು ಸೊಟ್ಟಗಾಗುತ್ತದೆ, ಹಳೆಯ ಸಿಟಿ ಹಾಲ್ ಬಿರುಕು ಬಿಟ್ಟು ಖಾಲಿ ನಿಂತಿದೆ. ದಶಕಗಳ ಕಾಲ ಭೂವಿಜ್ಞಾನಿಗಳು ಫೋಟೋ ತೆಗೆದು ಚಲನೆ ಅಳೆಯುತ್ತಿದ್ದ ಒಂದು ಮೂಲೆಯನ್ನು 2016ರಲ್ಲಿ ನಗರದವರು ಗಾಲಿಕುರ್ಚಿಗೆ ಇಳಿಜಾರು ಮಾಡಲು ಕಿತ್ತುಹಾಕಿದರಂತೆ. ಮೇಷ್ಟ್ರಿಗೆ ಇನ್ನೂ ಹೊಟ್ಟೆಯುರಿ. ನನಗೇನೋ ಗಾಲಿಕುರ್ಚಿಯವರ ಪರವೇ ಮನಸ್ಸು ವಾಲಿತು. ಫಾಲ್ಟಿಗೆ ಬೇರೆ ಮೂಲೆಗಳು ಬೇಕಾದಷ್ಟಿವೆ.

ಬರ್ಕ್ಲಿಯ ಫುಟ್‌ಬಾಲ್ ಕ್ರೀಡಾಂಗಣದ ಅಡಿಯಲ್ಲೂ ಇದೇ ಫಾಲ್ಟು.

ನವೆಂಬರ್ 23

ವಿಶ್ವವಿದ್ಯಾಲಯದ ಮುಖ್ಯ ಅರ್ಜಿಗೆ ಇನ್ನು ಒಂದೇ ವಾರ. ಟ್ಯಾಗ್ ಡೇವಿಸ್‌ಗೇ ಹಾಕಿದ್ದಾಯಿತು, ಬರ್ಕ್ಲಿಗೂ ಒಂದು ಗುರುತು ಹಾಕುತ್ತೇನೆ. ಈ ವಿಷಯಕ್ಕೆ ಹೇಗೆ ತಯಾರಾದಿರಿ ಎಂಬ ಕಡ್ಡಾಯ ಪ್ರಶ್ನೆಗೆ 350 ಪದ ಮೀರುವಂತಿಲ್ಲ. ಲಾಲ್‌ಬಾಗಿನ ಬಂಡೆ ಬರೆದೆ: ಸುಮಾರು 300 ಕೋಟಿ ವರ್ಷದ್ದು, ನಾವು ಅದರ ಮೇಲೆ ಕೂತು ಕಡಲೆಕಾಯಿ ತಿಂದವರು. ಇಲ್ಲಿಯ ಬೆಟ್ಟಗಳ ಕಲ್ಲು ಅದಕ್ಕಿಂತ ತೀರಾ ಎಳೆಯದು, ಇನ್ನೂ ಜಾಗ ಬದಲಿಸುತ್ತಿದೆ. ನಮ್ಮನೆಯವರು ಓದಿ, “ಚೆನ್ನಾಗಿದೆ, ಆದ್ರೆ ಕ್ಯಾಲ್ಕ್ಯುಲಸ್‌ನಲ್ಲಿ ‘ಎ’ ಬಂದದ್ದು ಎಲ್ಲಿ?” ಎಂದರು. ಕಡಲೆಕಾಯಿ ತೆಗೆದು ಅದನ್ನು ಸೇರಿಸಿದೆ.

ಸ್ಪ್ರಿಂಗ್ ಸೆಮಿಸ್ಟರ್‌ನಲ್ಲಿ ಫಿಸಿಕ್ಸ್ ಬೆಳಗ್ಗೆ 8ಕ್ಕೆ. ಮಗಳನ್ನು ಶಾಲೆಗೆ ಬಿಡುವುದು ಇನ್ನು ಇವರ ಪಾಲಿನ ಕೆಲಸ.